ಕತ್ತಿನವರೆಗೆ ತುಂಬಿದ ಬಾಟಲಿ

ಹಿಮಾಯತ್‌ನಗರ, ಹೈದರಾಬಾದ್
ಶನಿವಾರ, 12 ಆಗಸ್ಟ್ 2006

ಅಹಲ್ಯಾ ಮೇಡಂ ಅವರಿಗೆ ಗುರುಶಾಂತನ ನಮಸ್ಕಾರ.

ನಿಮ್ಮ ಯಂತ್ರ ಬಂದು ಒಂದು ವಾರವಾಯಿತು. ಪೆಟ್ಟಿಗೆಯಲ್ಲಿ ಇದ್ದದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದೇನೆ: ಯಂತ್ರ ಒಂದು, ಗಾಜಿನ ಚಿಪ್ ಆರು, ದ್ರಾವಣದ ಬಾಟಲಿ ಒಂದು, ವೈರು ಮೂರು, ನಿಮ್ಮ ಕೈಬರಹದ ಸೂಚನೆ ಎರಡು ಪುಟ. ಸಂಶಯ ಬಂದರೆ ಫೋನ್ ಮಾಡಿ ಎಂದು ಬರೆದಿದ್ದೀರಿ. ಸಂಶಯ ನನಗೆ ದಿನಕ್ಕೆ ಹತ್ತು ಬರುತ್ತವೆ, ಆದರೆ ಫೋನ್ ಮಾಡುವುದಿಲ್ಲ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಬೆಂಗಳೂರು ಬಸ್ಸಿನಲ್ಲಿ ನಿಮ್ಮ ಡಬ್ಬ ಬರಲಿ, ಶನಿವಾರ ರಾತ್ರಿಯ ಬಸ್ಸಿಗೆ ನನ್ನ ಡಬ್ಬ ಹೋಗಲಿ, ಒಳಗೆ ಕಾಗದ ಇರಲಿ. ಮುಂದೆ ಹೆಚ್ಚುಕಡಿಮೆಯಾದರೆ ಇಬ್ಬರಿಗೂ ಅನುಕೂಲ.

ನಾನು ಓದಿದ್ದು ಏಳನೆಯ ಇಯತ್ತೆ. ಸೇಡಂ ಕಡೆಯಿಂದ ಬಂದು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬಾಟಲಿ ತೊಳೆದವನು, ಈಗ ಸ್ವಂತ ಲ್ಯಾಬ್ ಇಟ್ಟಿದ್ದೇನೆ. ಮಣಿಕೊಂಡದ ಆಚೆ ಕಂಪನಿಗಳ ಕಟ್ಟಡ ಏಳುತ್ತಿವೆಯಲ್ಲ, ಅವನ್ನು ಕಟ್ಟುವ ನಮ್ಮ ಕಡೆಯ ಕೂಲಿಯವರ ಜ್ವರದ ರಕ್ತವೂ, ಅವುಗಳಲ್ಲಿ ಕೂರಲು ಬರುವ ಹುಡುಗರ ತಪಾಸಣೆಯ ರಕ್ತವೂ ನನ್ನಲ್ಲಿಗೇ ಬರುತ್ತದೆ. ನೋಡಲು ಎರಡೂ ಒಂದೇ ಬಣ್ಣ.

ನಿಮ್ಮ ಸೂಚನೆಯಿಂದ ನನಗೆ ತಿಳಿದದ್ದು ಇಷ್ಟು. ಗಾಜಿನೊಳಗೆ ಕೂದಲಿನಷ್ಟು ಸಣ್ಣ ಕಾಲುವೆ. ಅದರ ತಳದ ನಡುವೆ ಚಿನ್ನದ ಗೆರೆ. ಕೆಂಪು ಕಣಗಳನ್ನು ಮೊದಲೇ ಕರಗಿಸಿ, ಉಳಿದ ಬಿಳಿ ಕಣಗಳನ್ನು ನಿಮ್ಮ ಬಾಟಲಿಯ ದ್ರಾವಣದಲ್ಲಿ ಬೆರೆಸಿ ಕಾಲುವೆಗೆ ಬಿಡಬೇಕು. ಗೆರೆಗೆ ಕರೆಂಟು ಕೊಟ್ಟರೆ ಕಣಗಳು ಶಾಲೆಯ ಮಕ್ಕಳ ಹಾಗೆ ಸಾಲಾಗುತ್ತವೆ, ಯಂತ್ರ ಎಣಿಸುತ್ತದೆ. ತಪ್ಪಿದ್ದರೆ ತಿದ್ದಿ.

ಯಂತ್ರ ನಡೆಸುವವನು ಚಂದ್ರಹಾಸ. ಅದೇ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸುವವರು ಪಾರ್ವತೆಮ್ಮ. ಇಪ್ಪತ್ತಮೂರು ವರ್ಷದಿಂದ ಅದೇ ಕೆಲಸ. ಪ್ರತಿ ಲೆಕ್ಕದ ಕೆಳಗೆ 'ಎರಡು ಸಲ ಎಣಿಸಿದೆ' ಎಂದು ಬರೆದು ಹೆಸರು ಹಾಕುತ್ತಾರೆ. ಸೋಮವಾರ ಉಪವಾಸ, ಅವತ್ತು ಮಾತ್ರ ರಜೆ. ಆ ದಿನದ ಎಣಿಕೆಯನ್ನೂ ಚಂದ್ರಹಾಸನೇ ಮಾಡುತ್ತಾನೆ. ಯಂತ್ರ ಗೆದ್ದರೆ ತಮಗೇನು ಕೆಲಸ ಎಂದು ಅವರು ಕೇಳಿಲ್ಲ. ನಾನೂ ಹೇಳಿಲ್ಲ.

ನಮ್ಮ ಲ್ಯಾಬಿನ ಶಿಸ್ತಿನ ಬಗ್ಗೆ ಚಿಂತೆ ಬೇಡ. ಗಿರಾಕಿಯ ಕಣ್ಣಿಗೆ ಬೀಳುವ ಕಪಾಟಿನಲ್ಲಿ ಒಂದು ಬಾಟಲಿಯೂ ಅರ್ಧ ಕಾಣಬಾರದು ಎಂಬುದು ನನ್ನ ಕಾನೂನು. ಅರ್ಧ ಬಾಟಲಿ ಕಂಡರೆ ಮುಳುಗುತ್ತಿರುವ ಅಂಗಡಿ ಎಂದು ತಿಳಿಯುತ್ತಾರೆ.

ಒಂದು ಪ್ರಶ್ನೆ. ಬಾಟಲಿಯ ಮೇಲೆ 'ದ್ರಾವಣ ಅ' ಎಂದಷ್ಟೇ ಇದೆ. ಒಳಗೆ ಏನಿದೆ?

ಇತಿ,
ಗುರುಶಾಂತ


ಬೆಂಗಳೂರು
ಭಾನುವಾರ, 13 ಆಗಸ್ಟ್ 2006

ಶ್ರೀ ಗುರುಶಾಂತ ಅವರಿಗೆ ವಂದನೆಗಳು.

ನೀವು ತಿಳಿದುಕೊಂಡದ್ದು ಬಹುಪಾಲು ಸರಿ. ಒಂದೇ ತಿದ್ದುಪಡಿ. ಗೆರೆಯ ಹತ್ತಿರ ವಿದ್ಯುತ್ ಕ್ಷೇತ್ರ ದಟ್ಟವಾಗಿರುತ್ತದೆ, ದೂರ ಹೋದಂತೆ ತೆಳುವಾಗುತ್ತದೆ. ಸುತ್ತಲಿನ ದ್ರಾವಣಕ್ಕಿಂತ ಜೀವಕಣವೇ ಆ ಕ್ಷೇತ್ರಕ್ಕೆ ಹೆಚ್ಚು ಸ್ಪಂದಿಸಿದರೆ, ಅದು ದಟ್ಟವಾದ ಜಾಗಕ್ಕೆ, ಅಂದರೆ ನಡುಗೆರೆಗೆ, ತಾನಾಗಿ ಸರಿಯುತ್ತದೆ. ಯಾರೂ ಹಿಡಿದು ನಿಲ್ಲಿಸಬೇಕಾಗಿಲ್ಲ.

ದ್ರಾವಣದಲ್ಲಿ ಏನಿದೆ ಎಂದು ಹೇಳಲು ನನಗೆ ಅನುಮತಿಯಿಲ್ಲ. ಪೇಟೆಂಟ್ ಅರ್ಜಿ ಹಾಕಿದ್ದೇವೆ. ಅಪಾಯದ್ದೇನೂ ಇಲ್ಲ. ವಾರಕ್ಕೆ ಒಂದು ಬಾಟಲಿ ಕಳಿಸುತ್ತೇನೆ, ಉಳಿದದ್ದನ್ನು ಬಾಟಲಿ ಸಮೇತ ವಾಪಸ್ ಕಳಿಸಿ.

ಅಕ್ಟೋಬರ್ 31ಕ್ಕೆ ನಮ್ಮ ಸಂಸ್ಥೆಯ ಸಮಿತಿ ಕೂರುತ್ತದೆ. ಅಷ್ಟರಲ್ಲಿ ಮುನ್ನೂರು ರಕ್ತದ ಮಾದರಿಗಳಲ್ಲಿ ಯಂತ್ರದ ಎಣಿಕೆಯೂ ಕೈಎಣಿಕೆಯೂ ತಾಳೆಯಾಗಿ, ಕೆಳಗೆ ನಿಮ್ಮ ಸಹಿ ಇರಬೇಕು. ಆಗದಿದ್ದರೆ ಈ ಕೆಲಸವನ್ನು ಅಲ್ಲಿಗೇ ಮುಚ್ಚುತ್ತಾರೆ.

ಅಹಲ್ಯಾ


ಹಿಮಾಯತ್‌ನಗರ
ಶನಿವಾರ, 26 ಆಗಸ್ಟ್ 2006

ಅಹಲ್ಯಾ ಮೇಡಂ,

ಲೆಕ್ಕ ಒಪ್ಪಿಸುತ್ತಿದ್ದೇನೆ. ಈ ಸೋಮವಾರ ಒಬ್ಬನ ರಕ್ತದಲ್ಲಿ ಬಿಳಿ ಕಣದ ಕೈಎಣಿಕೆ 7,200, ನಿಮ್ಮ ಯಂತ್ರ 7,050. ಭೇಷ್ ಅಂದೆ. ಮಂಗಳವಾರ ಇನ್ನೊಬ್ಬನದು: ಕೈ 6,800, ಯಂತ್ರ 5,100. ಗುರುವಾರ ಕೈ 8,400, ಯಂತ್ರ 2,300. ಆ 2,300 ನಿಜವಾಗಿದ್ದರೆ ಆ ಮನುಷ್ಯ ಆಸ್ಪತ್ರೆಯಲ್ಲಿ ಮಲಗಬೇಕಿತ್ತು. ಅವನು ನನ್ನ ಎದುರಿಗೆ ಕೂತು ಎರಡು ಪ್ಲೇಟ್ ಮಿರ್ಚಿ ಭಜಿ ತಿಂದು ಎದ್ದುಹೋದ.

ಮೂರು ವಾರ ಹೀಗೇ. ಸೋಮವಾರ ಸತ್ಯವಂತ, ಶನಿವಾರದ ಹೊತ್ತಿಗೆ ಪಕ್ಕಾ ಸುಳ್ಳುಗಾರ. ಇಂಥ ಮನುಷ್ಯರನ್ನು ಕಂಡಿದ್ದೇನೆ, ಯಂತ್ರವನ್ನು ಕಂಡಿರಲಿಲ್ಲ.

ಚಿನ್ನದ ಗೆರೆ ನಾಲ್ಕೇ ದಿನಕ್ಕೆ ಕಪ್ಪಾಗುತ್ತಿದೆ. ಅದು ಚಿನ್ನವೇ ಹೌದೋ ಎಂದು ಕೇಳುವುದು ನನ್ನ ಕರ್ತವ್ಯ. ಹಾಳಾದ ಚಿಪ್ ನಾಲ್ಕು, ಬಾಟಲಿ ಒಂದು ವಾಪಸ್ ಕಳಿಸಿದ್ದೇನೆ.

ಇನ್ನೊಂದು ಮಾತು. ನಿಮ್ಮ ಬಾಟಲಿಯ ಮುಚ್ಚಳದ ಸುತ್ತ ಇರುವೆ ಮುತ್ತಿವೆ. ಇರುವೆಗಳಿಗೆ ಪೇಟೆಂಟ್ ಕಾನೂನು ಗೊತ್ತಿಲ್ಲವೆಂದು ಕಾಣುತ್ತದೆ. ಸಕ್ಕರೆ ನೀರಿಗೆ ಇಷ್ಟು ಗುಟ್ಟು ಯಾಕೆ ಮೇಡಂ?

ಗುರುಶಾಂತ


ಬೆಂಗಳೂರು
ಭಾನುವಾರ, 27 ಆಗಸ್ಟ್ 2006

ಶ್ರೀ ಗುರುಶಾಂತ ಅವರಿಗೆ,

ಚಿಪ್‌ಗಳನ್ನು ನೋಡಿದೆ. ಗೆರೆ ಕಪ್ಪಾಗಿರುವುದಷ್ಟೇ ಅಲ್ಲ, ಎರಡು ಕಡೆ ಚಿನ್ನವೇ ಎದ್ದುಹೋಗಿದೆ. ಇಲ್ಲಿ ನಮ್ಮ ಕೋಣೆಯಲ್ಲಿ ಅಂಥದೇ ಚಿಪ್ ಎರಡು ತಿಂಗಳು ಬಾಳಿದೆ. ಯಾರಾದರೂ ಅದನ್ನು ಕೆರೆದಿದ್ದಾರೆಯೇ, ಆಸಿಡ್ ಹಾಕಿ ತೊಳೆದಿದ್ದಾರೆಯೇ ಎಂದು ದಯವಿಟ್ಟು ವಿಚಾರಿಸಿ.

ಇನ್ನೊಂದನ್ನು ಕೇಳಲೇಬೇಕಾಗಿದೆ. ನೀವು ವಾರಕ್ಕೆ ಅರವತ್ತು ಮಾದರಿಗಳ ಲೆಕ್ಕ ಕಳಿಸುತ್ತಿದ್ದೀರಿ. ಅರವತ್ತಕ್ಕೆ ಮುಕ್ಕಾಲು ಬಾಟಲಿ ದ್ರಾವಣ ಖರ್ಚಾಗಬೇಕು. ಮೂರು ವಾರದಿಂದಲೂ ಬಾಟಲಿ ಕತ್ತಿನವರೆಗೆ ತುಂಬಿಕೊಂಡೇ ವಾಪಸ್ ಬರುತ್ತಿದೆ. ಪರೀಕ್ಷೆಗಳನ್ನು ನಿಜವಾಗಿ ಮಾಡುತ್ತಿದ್ದೀರಾ?

ಅಹಲ್ಯಾ


ಹಿಮಾಯತ್‌ನಗರ
ಶನಿವಾರ, 2 ಸೆಪ್ಟೆಂಬರ್ 2006

ಮೇಡಂ,

ನಿಮ್ಮ ಕಾಗದವನ್ನು ಚಂದ್ರಹಾಸನಿಗೂ ಓದಿ ಹೇಳಿದೆ. ಆ ಚಿನ್ನವನ್ನು ಕದ್ದು ಯಾರಾದರೂ ಶ್ರೀಮಂತರಾಗಬೇಕಿದ್ದರೆ ಸಾವಿರ ಚಿಪ್ ಕೆರೆಯಬೇಕು, ಆಮೇಲೂ ಇರುವೆಯ ಮೂಗಿಗೆ ನತ್ತು ಮಾಡಿಸಬಹುದು ಅಷ್ಟೇ. ಕೆರೆದವರಿಲ್ಲ. ಆಸಿಡ್ ಹಾಕಿದವರಿಲ್ಲ.

ಪರೀಕ್ಷೆ ಮಾಡಿದ್ದೇವೋ ಇಲ್ಲವೋ ಎಂದು ಕೇಳಿದ್ದೀರಿ. ಬಾಟಲಿ ತುಂಬಿರುವುದು ನಮ್ಮ ಶಿಸ್ತು. ಅದನ್ನೇ ನಮ್ಮ ಮೇಲೆ ಆರೋಪವಾಗಿ ಹೊರಿಸಿದ ಮೊದಲ ವ್ಯಕ್ತಿ ನೀವು. ಇದಕ್ಕೆ ಹೆಚ್ಚು ಉತ್ತರ ಕೊಡುವುದಿಲ್ಲ.

ಆದರೆ ಸಿಟ್ಟಿನಲ್ಲಿ ರಿಜಿಸ್ಟರ್ ತೆರೆದು ಕೂತವನಿಗೆ ಒಂದು ವಿಷಯ ಕಂಡಿತು. ಯಂತ್ರ ಸರಿಯಾಗಿ ನಡೆದದ್ದು ಆಗಸ್ಟ್ 7, 14, 21, 28. ನಾಲ್ಕೂ ಸೋಮವಾರ. ನಾಲ್ಕು ದಿನವೂ ಪಾರ್ವತೆಮ್ಮನವರಿಗೆ ರಜೆ. ಅವರು ಬಂದ ಒಂದು ದಿನವೂ ಯಂತ್ರ ಸರಿಯಾಗಿ ಎಣಿಸಿಲ್ಲ.

ನಾನು ಅವರ ಮೇಲೆ ಏನೂ ಹೇಳುತ್ತಿಲ್ಲ. ರಿಜಿಸ್ಟರಿನಲ್ಲಿ ಇದ್ದದ್ದನ್ನು ಓದಿ ಹೇಳಿದೆ. ನಿಮ್ಮ ಅಭಿಪ್ರಾಯ ತಿಳಿಸಿ.

ಗುರುಶಾಂತ


ಬೆಂಗಳೂರು
ಭಾನುವಾರ, 10 ಸೆಪ್ಟೆಂಬರ್ 2006

ಶ್ರೀ ಗುರುಶಾಂತ ಅವರಿಗೆ,

ಹೋದ ವಾರದ ಡಬ್ಬದಲ್ಲಿ ಕಾಗದ ಇಡಲಿಲ್ಲ, ಕ್ಷಮಿಸಿ. ಏನು ಬರೆಯಬೇಕೆಂದು ತೋಚಲಿಲ್ಲ.

ನೀವು ಬರೆದ ದಿನಾಂಕಗಳನ್ನು ನಾನೂ ಹಾಕಿ ನೋಡಿದೆ. ಆಕಸ್ಮಿಕ ಎನ್ನುವುದು ಕಷ್ಟ. ಯಂತ್ರದಲ್ಲಾಗಲಿ ಚಿಪ್‌ನಲ್ಲಾಗಲಿ ದೋಷವಿದ್ದರೆ ಅದು ವಾರ ನೋಡಿಕೊಂಡು ಬರುವುದಿಲ್ಲ. ಮನುಷ್ಯರ ಕೈ ಇರಬಹುದು ಎಂಬ ನಿಮ್ಮ ಸಂಶಯ ನನಗೂ ಸರಿ ಎನಿಸುತ್ತದೆ. ಇಪ್ಪತ್ತಮೂರು ವರ್ಷದ ಕೆಲಸ ಕೈತಪ್ಪುವ ಹೆದರಿಕೆ ಯಾರಿಗಾದರೂ ಇರಬಹುದಲ್ಲವೇ. ಒಂದು ವಾರ ಅವರಿಲ್ಲದೆ ನಡೆಸಿ ನೋಡಬಹುದೇ?

ಅಕ್ಟೋಬರ್ 31 ದೂರವಿಲ್ಲ.

ಅಹಲ್ಯಾ


ಹಿಮಾಯತ್‌ನಗರ
ಶನಿವಾರ, 23 ಸೆಪ್ಟೆಂಬರ್ 2006

ಮೇಡಂ,

ನೀವು ಹೇಳಿದಂತೆ ಮಾಡಿದೆ. ಹೋದ ಶನಿವಾರ ಸಂಜೆ ಪಾರ್ವತೆಮ್ಮನವರನ್ನು ಕೂರಿಸಿಕೊಂಡು ಕೇಳಿದೆ. ಮಾತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ನಾನೇ ಬೇರೆ ರೀತಿ ನೆನಪಿಟ್ಟುಕೊಳ್ಳಬಾರದು.

"ಅಕ್ಕಾರ, ಮಶೀನಿಗೆ ಏನರ ಕೈ ಹಚ್ಚೀರೇನ್ರಿ?"

"ಇಲ್ಲ."

"ನೀವಿಲ್ಲದ ದಿನ ಛಲೋ ನಡೀತೈತಿ, ನೀವು ಬಂದ ದಿನ ಕೆಡತೈತಿ. ಇಲ್ಲಿ ಐತಿ ನೋಡ್ರಿ ರಿಜಿಸ್ಟರಿನಾಗ."

ಅವರು ಕನ್ನಡಕ ಹಣೆಗೇರಿಸಿ ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

"ಬರದದ್ದೇನೋ ಖರೇನ ಐತಿ. ನಾ ಮಶೀನಿಗೆ ಕೈ ಹಚ್ಚಿಲ್ಲ, ಅದೂ ಖರೇ ಐತಿ. ಎರಡೂ ಹ್ಯಾಂಗ ಖರೇ ಆಗ್ತಾವ ಅನ್ನೂದು ನೀನ ನೋಡಪಾ, ಶಾಣ್ಯಾ ಆಗೀದಿ."

"ಒಂದು ವಾರ ಮನ್ಯಾಗ ಇರ್ರಿ ಅಕ್ಕಾರ."

"ಗುರುಶಾಂತ, ಕಣ್ಣು ಹೋದ ಮ್ಯಾಲೆ ಮನಿಗೆ ಕಳಿಸಿದ್ರ ಕಣ್ಣು ಹೋಗ್ಯಾವ ಅಂತಾರ. ಕಣ್ಣು ಇದ್ದಾಗ ಕಳಿಸಿದ್ರ ಏನಂತಾರ, ಹೇಳು."

ಅವರು ಎದ್ದರು. ಎಣಿಸುವಾಗ ಕೈಯಲ್ಲಿ ಒತ್ತುವ ಯಂತ್ರವನ್ನು ಒರೆಸಿ ಡ್ರಾಯರಿನಲ್ಲಿಟ್ಟು, ಬೀಗದ ಕೈ ನನ್ನ ಮುಂದಿಟ್ಟು ಹೋದರು.

ಇನ್ನು ನಿಮಗೆ ಬೇಕಾದ ಸುದ್ದಿ. ಸೋಮವಾರದಿಂದ ಶನಿವಾರದವರೆಗೆ ಐವತ್ತೆಂಟು ಮಾದರಿ, ಕೈಎಣಿಕೆ ಚಂದ್ರಹಾಸನದು, ಒಂದರಲ್ಲೂ ಯಂತ್ರ ತಪ್ಪಿಲ್ಲ. ಚಿಪ್ ಇನ್ನೂ ಹೊಳೆಯುತ್ತಿದೆ. ಸಂಶಯ ಹಿಡಿದು ಹೊರಟವನಿಗೆ ಅದು ನಿಜವಾದಾಗ ಖುಷಿಯಾಗಬೇಕು. ನನಗೆ ಆಗುತ್ತಿಲ್ಲ. ನಾನು ಆಸ್ಪತ್ರೆಯಲ್ಲಿ ಬಾಟಲಿ ತೊಳೆಯುತ್ತಿದ್ದಾಗ ಊಟದ ಬಿಡುವಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಕಣ ಗುರುತಿಸಲು ಕಲಿಸಿದವರು ಇವರೇ ಎಂಬುದನ್ನು ನಿಮಗೆ ಬರೆದಿರಲಿಲ್ಲ. ಬೇಕೆಂದೇ ಬರೆದಿರಲಿಲ್ಲ.

ಈ ಸಲ ಬಾಟಲಿಯಲ್ಲಿ ಎರಡು ಬೆರಳಷ್ಟೇ ಉಳಿದಿದೆ. ಪಾರ್ವತೆಮ್ಮ ಇಲ್ಲದ್ದರಿಂದ ಕಪಾಟಿನ ಬಾಟಲಿಗಳನ್ನು ತುಂಬುವವರಿಲ್ಲ. ಅವ್ಯವಸ್ಥೆಗೆ ಕ್ಷಮಿಸಿ.

ಗುರುಶಾಂತ


ಬೆಂಗಳೂರು
ಭಾನುವಾರ, 24 ಸೆಪ್ಟೆಂಬರ್ 2006

ಗುರುಶಾಂತ ಅವರೇ,

ತುಂಬುವವರಿಲ್ಲ ಎಂದರೆ ಏನು? ನನ್ನ ಬಾಟಲಿಯನ್ನು ಅವರು ತುಂಬುತ್ತಿದ್ದರೇ? ಏನು ಹಾಕಿ? ದಯವಿಟ್ಟು ಶನಿವಾರದವರೆಗೆ ಕಾಯಬೇಡಿ.

ಅಹಲ್ಯಾ


ಹಿಮಾಯತ್‌ನಗರ
ಸೋಮವಾರ, 25 ಸೆಪ್ಟೆಂಬರ್ 2006

ಮೇಡಂ,

ಡಬ್ಬ ತಂದ ಬಸ್ಸೇ ಸಂಜೆ ವಾಪಸ್ ಹೋಗುತ್ತದೆ, ಅದರಲ್ಲೇ ಈ ಕಾಗದ.

ಸಲೈನ್. ಆಸ್ಪತ್ರೆಯಲ್ಲಿ ನೆತ್ತರಿಗೆ ಏರಿಸುವ ಅದೇ ಉಪ್ಪುನೀರು. ರಕ್ತಕ್ಕೆ ಅದರಿಂದ ಏನೂ ಆಗುವುದಿಲ್ಲ. ಕೆಲಸಕ್ಕೆ ಬಂದ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಪಾರ್ವತೆಮ್ಮ ರಕ್ತ ತೆಳುಮಾಡುವ ನೀರಿನ ಬಾಟಲಿಗಳನ್ನೆಲ್ಲ, ನಿಮ್ಮದೂ ಸೇರಿ, ಸಲೈನಿನಿಂದ ಕತ್ತಿನವರೆಗೆ ತುಂಬುತ್ತಾರೆ. ನಾನು ಈ ಲ್ಯಾಬ್ ತೆರೆದಾಗಿನಿಂದ, ಹನ್ನೊಂದು ವರ್ಷದಿಂದ ತುಂಬುತ್ತಿದ್ದಾರೆ. ಅದು ನನ್ನ ಕಾನೂನು ಎಂದು ಮೊದಲ ಕಾಗದದಲ್ಲೇ ಬರೆದಿದ್ದೆನಲ್ಲ.

ನೀವು ಗಾಬರಿಯಲ್ಲಿ ಬರೆದಂತೆ ಕಾಣುತ್ತದೆ, ಆದ್ದರಿಂದ ನಾನು ಬಚ್ಚಿಟ್ಟ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕೆಟ್ಟ ದಿನಗಳಲ್ಲಿ ಚಂದ್ರಹಾಸ ಯಂತ್ರದ ಕಿಂಡಿಯಲ್ಲಿ ನೋಡಿದ್ದ. ಪೊಲೀಸು ಬಂದಾಗ ಅಬಿಡ್ಸಿನ ಫುಟ್‌ಪಾತ್ ವ್ಯಾಪಾರಿಗಳು ಗಂಟು ಹೊತ್ತು ಓಡುವ ಹಾಗೆ ಕಣಗಳು ನಡುಗೆರೆ ಬಿಟ್ಟು ಎರಡೂ ದಂಡೆಗೆ ಓಡುತ್ತಿದ್ದವಂತೆ. ಗೆರೆಯ ಮೇಲೆ ಗುಳ್ಳೆಯೂ ಏಳುತ್ತಿತ್ತಂತೆ. ಇದನ್ನು ಬರೆದರೆ ನೀವು ನಿಮ್ಮ ಯಂತ್ರದ ಪರವಾಗಿ ಏನಾದರೂ ಕಥೆ ಕಟ್ಟುತ್ತೀರಿ ಎಂದು ಬರೆಯಲಿಲ್ಲ.

ಗುರುಶಾಂತ


ಬೆಂಗಳೂರು
ಭಾನುವಾರ, 1 ಅಕ್ಟೋಬರ್ 2006

ಗುರುಶಾಂತ ಅವರೇ,

ಕಣಗಳು ದಂಡೆಗೆ ಓಡಿದವು ಎಂಬ ಒಂದು ಸಾಲು ಆಗಸ್ಟಿನಲ್ಲಿ ಬಂದಿದ್ದರೆ ಐದು ನಿಮಿಷದಲ್ಲಿ ನನಗೆ ತಿಳಿಯುತ್ತಿತ್ತು. ಆದರೆ ದೂರುವ ಹಕ್ಕು ನನಗಿಲ್ಲ.

ನಿಮ್ಮ ಇರುವೆಗಳು ಹೇಳಿದ್ದು ನಿಜ. ದ್ರಾವಣ ಅ ಎಂದರೆ ಹೆಚ್ಚುಕಡಿಮೆ ಸಕ್ಕರೆ ನೀರು. ಸಕ್ಕರೆ ನೀರು ವಿದ್ಯುತ್ತನ್ನು ಹರಿಯಲು ಬಿಡುವುದಿಲ್ಲ, ಹಾಗಾಗಿ ಅದರೊಳಗಿನ ಕಣವೇ ಕ್ಷೇತ್ರಕ್ಕೆ ಹೆಚ್ಚು ಸ್ಪಂದಿಸಿ ನಡುಗೆರೆಗೆ ಬರುತ್ತದೆ. ಉಪ್ಪು ಬಿದ್ದರೆ ಲೆಕ್ಕ ತಿರುಗಾಮುರುಗಾ. ನೀರೇ ಹೆಚ್ಚು ಸ್ಪಂದಿಸುತ್ತದೆ, ಕಣ ಗೆರೆಯಿಂದ ದೂರ ತಳ್ಳಲ್ಪಡುತ್ತದೆ. ದಂಡೆಗೆ ಹೋದದ್ದು ಯಂತ್ರದ ಎಣಿಕೆಗೆ ಸಿಗುವುದಿಲ್ಲ. ಗುಳ್ಳೆ ಎದ್ದು ಚಿನ್ನ ಹಾಳಾಗುತ್ತದೆ. ರಕ್ತಕ್ಕೆ ಸಲೈನಿನಿಂದ ಏನೂ ಆಗುವುದಿಲ್ಲ, ನೀವು ಹೇಳಿದ್ದು ಸರಿ. ಆಗುವುದು ಯಂತ್ರಕ್ಕೆ.

ಸೋಮವಾರ ಸರಿಯಾಗಿದ್ದದ್ದು ಪಾರ್ವತೆಮ್ಮ ಇಲ್ಲವೆಂದಲ್ಲ, ಹೊಸ ಬಾಟಲಿ ಸೋಮವಾರ ಬರುತ್ತಿತ್ತು ಎಂದು. ಮಂಗಳವಾರ ಸ್ವಲ್ಪ ಉಪ್ಪು, ಬುಧವಾರ ಇನ್ನಷ್ಟು. ಅವರು ಯಂತ್ರವನ್ನು ಮುಟ್ಟಿಲ್ಲ ಎಂದದ್ದೂ ನಿಜವೇ. ಬಾಟಲಿ ಮುಟ್ಟಿದಿರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಒಳಗೆ ಏನಿದೆ ಎಂದು ನಾನೂ ಹೇಳಲಿಲ್ಲ. ವಾಪಸ್ ಬಂದ ತುಂಬಿದ ಬಾಟಲಿಗಳಿಗೆ ಒಮ್ಮೆ ವಿದ್ಯುತ್ ಹರಿವು ಅಳೆಯುವ ಮೀಟರ್ ಅದ್ದಿದ್ದರೆ ಉಪ್ಪು ಕಾಣುತ್ತಿತ್ತು. ನೀವು ಸುಳ್ಳು ಲೆಕ್ಕ ಬರೆಯುತ್ತಿದ್ದೀರಿ ಎಂದು ಮೊದಲೇ ತೀರ್ಮಾನಿಸಿದ್ದೆ. ಅವನ್ನೆಲ್ಲ ಸಿಂಕಿಗೆ ಸುರಿದೆ.

ಇನ್ನೊಂದಿದೆ. ಜುಲೈನಲ್ಲಿ ನಾನು ಚಿನ್ನ ಲೇಪಿಸುವ ಕಾರ್ಖಾನೆಯನ್ನು ಬದಲಾಯಿಸಿದ್ದೆ. ಎರಡು ತಿಂಗಳು ಬಾಳಿದ ಚಿಪ್ ಎಂದು ಬರೆದೆನಲ್ಲ, ಅದು ಹಳೆಯ ಕಾರ್ಖಾನೆಯದು. ನಿಮ್ಮ ಚಿಪ್ ಕಪ್ಪಾದಾಗ ತಪ್ಪು ನನ್ನ ಹೊಸ ಲೇಪನದ್ದೇ ಇರಬೇಕೆಂದು ಹೆದರಿದೆ. ಸಮಿತಿಗೆ ತಿಳಿದರೆ ಮುಗಿಯಿತು ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ನೀವು ಪಾರ್ವತೆಮ್ಮನವರ ಹೆಸರು ಬರೆದಿರಿ. ಒಂದು ವಾರ ಕಾಗದ ಬರೆಯದೆ ಕೂತದ್ದು ಅದಕ್ಕೇ. ಆಮೇಲೆ ಆ ಹೆಸರಿನ ಹಿಂದೆ ಅಡಗಿಕೊಂಡೆ. ನಾನು ನೋಡಿಯೂ ಇರದ ಒಬ್ಬ ಹೆಂಗಸಿನ ಹಿಂದೆ.

ಸಮಿತಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಲೆಕ್ಕ ಹೊಸದಾಗಿ ಶುರುವಾಗಬೇಕು. 31ರೊಳಗೆ ಮುಗಿಯುತ್ತದೋ ಇಲ್ಲವೋ ಗೊತ್ತಿಲ್ಲ. ಕೈಎಣಿಕೆ ಅವರದೇ ಆಗಿರಬೇಕೆಂದು ನನ್ನ ಬೇಡಿಕೆ. ಅವರು ಬರುತ್ತಾರೆಯೇ?

ಅಹಲ್ಯಾ


ಹಿಮಾಯತ್‌ನಗರ
ಶನಿವಾರ, 7 ಅಕ್ಟೋಬರ್ 2006

ತಂಗಿ ಅಹಲ್ಯಾ,

ಮೇಡಂ ಎಂದು ಬರೆಯಲು ಈಗ ಕೈ ಬರುತ್ತಿಲ್ಲ. ನಾವಿಬ್ಬರೂ ಒಂದೇ ತೂಕದ ಕಳ್ಳರು.

ನಿಮ್ಮ ಕಾಗದ ಸೋಮವಾರ ದಸರೆಯ ದಿನ ಬಂತು. ಬನ್ನಿ ಕೊಡುವ ನೆಪ ಇತ್ತು, ಸಂಜೆ ದಿಲ್‌ಸುಖ್‌ನಗರಕ್ಕೆ ಹೋದೆ. ಕೋಚಿಂಗ್ ಸೆಂಟರಿನ ಮೇಲಿನ ಎರಡು ಕೋಣೆಯ ಮನೆ. ಪಾರ್ವತೆಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಅವರು ಮೊರದಿಂದ ತಲೆ ಎತ್ತಲಿಲ್ಲ.

"ಅಕ್ಕಾರ, ತಪ್ಪಾತ್ರಿ. ಮಶೀನು ಕೆಟ್ಟದ್ದು ಬಾಟಲಿಗೆ ಸಲೈನ್ ಹಾಕಿದ್ದಕ್ಕ."

"ಹಾಕು ಅಂದಾಂವ ಯಾರು?"

"ನಾನ."

"ಹಂಗಾರ ಮನ್ಯಾಗ ಕುಂಡ್ರಬೇಕಾದಾಂವ ನೀನ ಆದ್ಯಲ್ಲ."

"ಹೌದ್ರಿ. ಬುಧವಾರದಿಂದ ಬರ್ರಿ."

"ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತೈತಿ ಅಂತ ದಿನಾ ಹೇಳಾಂವ ನೀನು. ಬರದು ಕೊಡು."

ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟರು. ನಾನು 'ತಪ್ಪು ತಿಳುವಳಿಕೆಯಿಂದ' ಎಂದು ಶುರು ಮಾಡಿದೆ. ಕನ್ನಡಕ ಹಣೆಗೇರಿಸಿ ಓದಿ, ಹಾಳೆ ಹಿಂದಕ್ಕೆ ಸರಿಸಿದರು. "ಯಾರ ತಿಳುವಳಿಕಿ? ಹೆಸರು ಹಚ್ಚು." ಎರಡನೆಯ ಹಾಳೆಯಲ್ಲಿ ಹೆಸರು ಬರೆದೆ, ದಿನಾಂಕ ಬಿಟ್ಟಿದ್ದೆ. "ಎಂದಿನಿಂದ ಎಂದಿನ ತನಕ ಅಂತ ಹಾಕು. ಹದಿನೈದು ದಿನ ಓಣಿ ಮಂದಿ, ಯಾಕ್ರಿ ಡ್ಯೂಟಿ ಇಲ್ಲೇನು ಅಂತ ಕೇಳ್ಯಾರ. ಅಷ್ಟೂ ದಿನ ಬರೀಬೇಕು." ಮೂರನೆಯದಕ್ಕೆ ಒಪ್ಪಿದರು. ಅದರ ಕೆಳಗೆ ಸಹಿ ಹಾಕಿದೆ.

ಷರತ್ತು ಒಂದೇ ಹಾಕಿದರು: ಆ ಹಾಳೆ ಗಿರಾಕಿಗಳಿಗೆ ಕಾಣುವ ಕಪಾಟಿಗೇ ಅಂಟಬೇಕು. ಅಂಟಿದೆ. ಈಗ ಕಪಾಟಿನಲ್ಲಿ ಬಾಟಲಿಗಳು ಅರ್ಧ, ಕಾಲು, ಮುಕ್ಕಾಲು, ಬೇಕಾದ ಹಾಗೆ ನಿಂತಿವೆ. ಬರುವವರು ಬಾಟಲಿ ನೋಡುವುದಿಲ್ಲ, ಹಾಳೆ ಓದುತ್ತಾರೆ. ಕನ್ನಡ ಬಾರದವರಿಗೆ ಚಂದ್ರಹಾಸ ತೆಲುಗಿನಲ್ಲಿ ಹೇಳುತ್ತಾನೆ, ಕೇಳದಿದ್ದರೂ.

ಬುಧವಾರದಿಂದ ಪಾರ್ವತೆಮ್ಮ ಎಣಿಸುತ್ತಿದ್ದಾರೆ. ನಾಲ್ಕು ದಿನಕ್ಕೆ ಎಪ್ಪತ್ತು ಮಾದರಿ ಆಗಿವೆ, ಯಂತ್ರವೂ ಅವರೂ ಒಂದೇ ಮಾತು ಆಡುತ್ತಿದ್ದಾರೆ. ಮುನ್ನೂರು ಆಗುತ್ತದೆ. ವಾರಕ್ಕೆ ಎರಡು ಬಾಟಲಿ ಕಳಿಸಿ, ಒಳಗೆ ಏನಿದೆ ಎಂದು ಮೇಲೆ ಬರೆದು ಕಳಿಸಿ. ಎಷ್ಟು ಖಾಲಿಯಾಗುತ್ತದೋ ಅಷ್ಟೇ ಖಾಲಿ ವಾಪಸ್ ಬರುತ್ತದೆ.

ಹಾಳೆಯ ನಕಲು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಸಮಿತಿಗೂ ತೋರಿಸಿ.

ನಿಮ್ಮ ಅಣ್ಣ,
ಗುರುಶಾಂತ


(ನಕಲು)

ಗುರುಶಾಂತ ಎಂಬ ನಾನು ಬರೆದುಕೊಡುವುದೇನೆಂದರೆ, ಬಾಟಲಿ ತುಂಬಿಡಬೇಕು ಎಂದು ಕಾನೂನು ಮಾಡಿದವನು ನಾನು. ಪಾರ್ವತೆಮ್ಮ ಅದನ್ನು ಪಾಲಿಸಿದರು. ಅದರಿಂದ ಯಂತ್ರ ಕೆಟ್ಟಿತು. ನಾನು ಅವರ ಮೇಲೆ ಸಂಶಯಪಟ್ಟು 16-9-2006ರ ಸಂಜೆಯಿಂದ 3-10-2006ರವರೆಗೆ ಅವರನ್ನು ಮನೆಯಲ್ಲಿ ಕೂರಿಸಿದೆ. ಅವರ ಕೈಯಲ್ಲಿ ತಪ್ಪಿಲ್ಲ, ಕಣ್ಣಿನಲ್ಲಿ ತಪ್ಪಿಲ್ಲ. ತಪ್ಪು ನನ್ನದು.

ಸಹಿ: ಗುರುಶಾಂತ
2-10-2006

ಎರಡು ಸಲ ಓದಿದೆ.
ಪಾರ್ವತೆಮ್ಮ